ಕೊನೆಯ ಸ್ವರದ ನಡುಕ

ಹಿತ್ತಾಳೆಯ ಆ ತುಂಡು ಬೆಂಕಿಕಡ್ಡಿಯ ಅರ್ಧದಷ್ಟು ಉದ್ದವಿತ್ತು. ಒಂದು ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಮೊಳೆ. ಮೊಳೆಯ ಪಕ್ಕದಲ್ಲಿ, ಲೋಹ ತೆಳ್ಳಗಾದ ಕಡೆ, ಅಡ್ಡಡ್ಡವಾಗಿ ಕೆರೆದ ಗೀರುಗಳು. ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದೆ. ಹದಿನಾಲ್ಕು ಇದ್ದವು. ಹದಿನೈದನೆಯದು ಗೀರಲ್ಲ, ಬಿರುಕು.

ನಾನು ಹುಡುಕುತ್ತಿದ್ದದ್ದು ಅದನ್ನಲ್ಲ. ಕನ್ನಡಕದ ತಿರುಪು ಕಳಚಿಕೊಂಡಿತ್ತು. ಅಷ್ಟು ಸಣ್ಣ ಸ್ಕ್ರೂಡ್ರೈವರ್ ಮನೆಯಲ್ಲಿ ಒಂದೇ ಕಡೆ ಇದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಎರಡು ದಿನ ಕನ್ನಡಕಕ್ಕೆ ದಾರ ಕಟ್ಟಿಕೊಂಡು ನಂಜನಗೂಡಿನಿಂದ ಟಿ. ನರಸೀಪುರದ ಬಸ್ಸು ಹತ್ತಿದೆ, ದಾರ ಕಟ್ಟಿಕೊಂಡೇ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡಿದೆ. ಬಲಗಳ ಸಮತೋಲನದ ಬಗ್ಗೆ ಗಂಭೀರವಾಗಿ ಮಾತಾಡುತ್ತಿರುವಾಗ ಮೇಡಮ್ಮಿನ ಕನ್ನಡಕ ಒಂದು ಕಡೆಗೆ ವಾಲಿದರೆ ಮಕ್ಕಳು ನಗದೆ ಏನು ಮಾಡಿಯಾರು? ಮೂರನೆಯ ದಿನ ಸಂಜೆ ಸೋತು, ಮಂಚದ ಕೆಳಗಿನ ಬಿಸ್ಕತ್ತಿನ ಡಬ್ಬ ಎಳೆದೆ.

ಮುಚ್ಚಳ ತೆಗೆದಾಗ ಮೊದಲು ಬಂದದ್ದು ವಾಸನೆ. ಬೆವರಿದ ಕೈಯಲ್ಲಿ ಹಿತ್ತಾಳೆಯನ್ನು ಹಿಡಿದು ಬಿಟ್ಟರೆ ಬೆರಳಿಗೆ ಅಂಟುವ ವಾಸನೆ ನಿಮಗೂ ಗೊತ್ತಿರಬಹುದು. ಅದರ ಜೊತೆಗೆ ಒಂದಿಷ್ಟು ನಶ್ಯ. ಈ ಎರಡು ಸೇರಿದರೆ ನನ್ನ ಪಾಲಿಗೆ ಸಿದ್ದಯ್ಯ ತಾತ ಎದುರಿಗೆ ಕೂತ ಹಾಗೆಯೇ.

ತಾತ ಎಂದರೆ ಸಂಬಂಧಿಕರಲ್ಲ. ನಂಜನಗೂಡಿನಲ್ಲಿ ನಾಟಕದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವರು. ಅವರು ತೀರಿಕೊಂಡು ಮೂರು ವರ್ಷವಾಯಿತು. ತಿಥಿಯ ದಿನ ಅವರ ಹೆಂಡತಿ ಚಿಕ್ಕತಾಯಮ್ಮ ಒಳಗಿನಿಂದ ಈ ಡಬ್ಬ ತಂದು, "ನಿಂಗೇ ಅಂತ ಮಡಗಿದ್ರು ಕಣವ್ವ, ತಗಂಡೋಗು" ಎಂದಿದ್ದರು. ಮನೆಗೆ ತಂದು ಮಂಚದ ಕೆಳಗೆ ತಳ್ಳಿದೆ. ಮೂರು ವರ್ಷ ಅದರ ಸುತ್ತಲೇ ಕಸ ಗುಡಿಸಿದೆ.

ಹಿತ್ತಾಳೆಯ ತುಂಡನ್ನು ಒಂದು ಕಾಗದದಲ್ಲಿ ಸುತ್ತಿಟ್ಟಿದ್ದರು. ಕಾಗದವನ್ನು ಆಗ ಪೂರ್ತಿ ಬಿಡಿಸಲಿಲ್ಲ. ಅಚ್ಚಿನ ಒಂದು ಮೂಲೆ ಕಂಡದ್ದೇ ಯಾವ ಕಾಗದ ಎಂದು ತಿಳಿಯಿತು. ಅದರ ಕಥೆ ಹೇಳದಿದ್ದರೆ ತಾತನ ಕಥೆ ಮುಂದಕ್ಕೆ ಹೋಗುವುದಿಲ್ಲ.

ನಾನು ಅವರನ್ನು ಕಾಣುವುದಕ್ಕೂ ಕೆಲವು ವರ್ಷ ಮುಂಚೆ ತಾತನಿಗೆ ಒಂದು ಚಿಂತೆ ಹತ್ತಿತಂತೆ. ತಮ್ಮ ನಂತರ ಈ ಕೆಲಸಕ್ಕೆ ಯಾರು? ಎರಡು ತಾಲ್ಲೂಕಿನ ಭಜನೆ ಮನೆಗಳು, ನಾಟಕದ ತಂಡಗಳು, ಶಾಲೆಗಳು, ಎಲ್ಲದರ ಹಾರ್ಮೋನಿಯಂ ಪೆಟ್ಟಿಗೆಗೂ ಅವರೊಬ್ಬರೇ. ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು: 'ಹಾರ್ಮೋನಿಯಂ ರಿಪೇರಿ ಕಲಿಸಲಾಗುವುದು. ಮಧ್ಯಾಹ್ನ ಊಟ ಉಂಟು.' ಮೊದಲು ಬಂದ ಹುಡುಗ ಊಟಕ್ಕೆ ಮುಂಚೆ ಕೇಳಿದ ಪ್ರಶ್ನೆ, "ಸರ್ಟಿಫಿಕೇಟ್ ಕೊಡ್ತೀರಾ ಸಾ?" ತಾತ ಆ ಸಂಜೆಯೇ ಪ್ರೆಸ್ಸಿಗೆ ಹೋದರು. ನೂರಕ್ಕಿಂತ ಕಡಿಮೆ ಹಾಕುವುದಿಲ್ಲ ಎಂದರಂತೆ ಪ್ರೆಸ್ಸಿನವರು. ನೂರು ಪ್ರಮಾಣಪತ್ರ ಅಚ್ಚಾದವು. 'ಶ್ರೀ', ಆಮೇಲೆ ಒಂದು ಉದ್ದನೆಯ ಚುಕ್ಕಿಸಾಲು, 'ಇವರು ಹಾರ್ಮೋನಿಯಂ ಮತ್ತು ಪಿಯಾನೋ ದುರಸ್ತಿ ಕೆಲಸವನ್ನು ತೃಪ್ತಿಕರವಾಗಿ ಕಲಿತಿರುತ್ತಾರೆ.' ಸುತ್ತಲೂ ಬಳ್ಳಿಯ ಅಂಚು. ತಾತ ಮನೆಗೆ ತಂದು ಒಂದೇ ಪಟ್ಟಿಗೆ ಕೂತು ನೂರಕ್ಕೂ ಸಹಿ ಹಾಕಿಬಿಟ್ಟರು. ನೂರು ಹುಡುಗರು ಬರುತ್ತಾರೆ ಎನ್ನುವ ಹಾಗೆ.

ಬಂದವರು ಮೂವರು. ಸರ್ಟಿಫಿಕೇಟ್ ಕೇಳಿದವನು ಹನ್ನೊಂದು ದಿನ ಇದ್ದು ಟಿವಿ ರಿಪೇರಿಗೆ ಹೋದ. ಎರಡನೆಯವನಿಗೆ ಕೈ ಚೆನ್ನಾಗಿತ್ತು, ಆದರೆ ಇಡೀ ದಿನ ಒಂದೇ ಸ್ವರ ಕೇಳಿ ಕೇಳಿ ತಲೆನೋವು ಬರುತ್ತಿತ್ತು. ಮೂರನೆಯವನು ಒಂದು ದಿನ ವಿದ್ಯುತ್ತಿನ ಕೀಬೋರ್ಡು ತಂದು ತೋರಿಸಿ, "ತಾತಾ, ಇದ್ನ ಶ್ರುತಿ ಮಾಡೋದೇ ಬ್ಯಾಡ, ಗುಂಡಿ ಒತ್ತುದ್ರೆ ಅದೇ ಕುಂತ್ಕತದೆ" ಎಂದನಂತೆ. "ಅಂಗಾರೆ ನಾವೂ ಕುಂತ್ಕಳಣ ಬುಡು" ಎಂದರಂತೆ ತಾತ. ಆಮೇಲೆ ಪ್ರಮಾಣಪತ್ರಗಳನ್ನು ನಾಲ್ಕಾಗಿ ಹರಿದು ರೀಡು ಸುತ್ತಲು ಇಟ್ಟುಕೊಂಡರು. ಅವರ ಅಂಗಡಿಯಲ್ಲಿ ಯಾವ ಪೊಟ್ಟಣ ಬಿಚ್ಚಿದರೂ ಯಾರೋ ಒಬ್ಬರು ಏನನ್ನೋ ತೃಪ್ತಿಕರವಾಗಿ ಕಲಿತಿರುತ್ತಿದ್ದರು.

ರೀಡು ಎಂದರೆ ಪೆಟ್ಟಿಗೆಯೊಳಗೆ ಗಾಳಿಗೆ ಅದುರಿ ಸ್ವರ ಹೊರಡಿಸುವ ಹಿತ್ತಾಳೆಯ ನಾಲಗೆ. ಒಂದೊಂದು ಮನೆಗೂ, ಅಂದರೆ ಬೆರಳಿಡುವ ಒಂದೊಂದು ಪಟ್ಟಿಗೂ, ಎರಡೆರಡು ಇರುತ್ತವೆ. ಎರಡೂ ಸರಿಯಾಗಿ ಕೂಡಿದರೆ ಒಂದೇ ದನಿ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ದನಿ ಅಲೆ ಅಲೆಯಾಗಿ ನಡುಗುತ್ತದೆ. ನಾಲಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಮೊಳೆಯ ಕಡೆಯ ಬುಡ ಕೆರೆದರೆ ಇಳಿಯುತ್ತದೆ. ಕೆರೆಯುತ್ತ ಹೋದ ಹಾಗೆ ನಡುಕ ನಿಧಾನವಾಗುತ್ತ ಬಂದು ಒಂದು ಕ್ಷಣ ನಿಂತೇ ಹೋಗುತ್ತದೆ. ಆ ಕ್ಷಣಕ್ಕೆ ಕೈ ತಡೆಯಬೇಕು. ಇಷ್ಟೇ ವಿದ್ಯೆ. ಇಷ್ಟೇ ಎಂದು ನಾನು ಈಗ ಒಂದು ಪ್ಯಾರಾದಲ್ಲಿ ಬರೆದೆ. ಕಲಿಯಲು ಆರು ವರ್ಷ ತೆಗೆದುಕೊಂಡಿದ್ದೆ.

ನನ್ನ ಅಮ್ಮ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಶಾಲೆಯ ಪ್ರಾರ್ಥನೆಯ ಹಾರ್ಮೋನಿಯಂ ಸರಿ ಮಾಡಲು ತಾತ ಬಂದಿದ್ದರು. ನನಗಾಗ ಹನ್ನೆರಡು. ಮೂಲೆಯ ಬೆಂಚಿನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದೆ. ಕೆಲಸ ಮುಗಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸಿ, "ಆಯ್ತು ಮೇಡಮ್ಮೋರೆ, ಇನ್ನೈದು ವರ್ಸ ನೋಡೋ ಅಂಗಿಲ್ಲ" ಎಂದರು. ನಾನು ಯಾರೂ ಕೇಳದೆ ಮಾತಾಡುವ ಹುಡುಗಿಯಲ್ಲ. ಕೇಳಿದರೂ ಮಾತಾಡುತ್ತಿರಲಿಲ್ಲ ಎಂದು ಅಮ್ಮ ಇವತ್ತಿಗೂ ದೂರುತ್ತಾಳೆ. ಆ ದಿನ ಅದು ಹೇಗೋ ಬಾಯಿಂದ ಬಂತು.

"ಕೊನೇದು ಇನ್ನೂ ನಡುಗ್ತಿದೆ."

ತಾತ ತಿದಿ ಒತ್ತಿ ಕೊನೆಯ ಮನೆ ಹಿಡಿದರು. ತಲೆ ಓರೆ ಮಾಡಿದರು. ನನ್ನ ಕಡೆ ನೋಡಿದರು. "ಎಲ್ಲವ್ವ?" ಮತ್ತೆ ಹಿಡಿದರು. ಅಮ್ಮ, "ಸುಮ್ನಿರೇ, ದೊಡ್ಡವರಿಗೆ ಗೊತ್ತಾಗಲ್ವಾ?" ಎಂದು ಗದರಿದಳು. ತಾತ ಮಾತ್ರ ಮುಚ್ಚಳ ತೆಗೆದು ಒಮ್ಮೆ ಕೆರೆದು, ಮುಚ್ಚಿ, ನನ್ನ ಮುಖ ನೋಡುತ್ತ ತಿದಿ ಒತ್ತಿದರು. "ಈಗ?" ಇಲ್ಲ ಎಂದು ತಲೆಯಾಡಿಸಿದೆ. ಇನ್ನೊಮ್ಮೆ. "ಈಗ ನಿಂತಾ?" ನಿಂತಿತ್ತು. ಅವರ ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಹೋಗುವಾಗ ಅಮ್ಮನಿಗೆ ಕೈ ಮುಗಿದು, "ಬಾನುವಾರ ಒಂದಿನ ಕೂಸ್ನ ಕಳ್ಸಿಕೊಡಿ ಮೇಡಮ್ಮೋರೆ, ಕಿವಿ ಬಂಗಾರ ಅದೆ" ಎಂದರು.

ತಾತನಿಗೆ ಮೇಲಿನ ಸ್ವರಗಳು ಕೇಳುತ್ತಿರಲಿಲ್ಲ. ರಿಪೇರಿಯಿಂದ ಹೊಟ್ಟೆ ತುಂಬದೆ ಬನ್ನೂರಿನ ಅಕ್ಕಿ ಗಿರಣಿಯಲ್ಲಿ ಹನ್ನೆರಡು ವರ್ಷ ದುಡಿದಿದ್ದರು. ಗಿರಣಿಯ ಸದ್ದು ಸ್ವಲ್ಪ ಸ್ವಲ್ಪವೇ ಕಿವಿಯನ್ನು ತಿಂದಿತ್ತು. ಮಾತು ಕೇಳುತ್ತಿತ್ತು, ಕೆಳಗಿನ ಸ್ವರ ಕೇಳುತ್ತಿತ್ತು, ಮೇಲಿನ ಏಳೆಂಟು ಮನೆಗಳಲ್ಲಿ ನಡುಕ ಮಾತ್ರ ಕೇಳುತ್ತಿರಲಿಲ್ಲ. ಇದು ಚಿಕ್ಕತಾಯಮ್ಮನಿಗೂ ತಿಳಿದಿರಲಿಲ್ಲ. ಮೂರನೆಯ ಭಾನುವಾರ ನನಗೆ ಹೇಳಿದರು. "ಯಾರ್ಗೂ ಏಳ್ಬ್ಯಾಡ ಕಣ್ ಕೂಸೇ. ಕಣ್ಣಿಲ್ದೋನ್ಗೆ ಮಗ್ಗ ಕೊಟ್ಟಾರು, ಕಿವಿ ಇಲ್ದೋನ್ಗೆ ಪೆಟ್ಗೆ ಕೊಡಾಕಿಲ್ಲ." ಗುಟ್ಟು ಇಟ್ಟುಕೊಳ್ಳುವುದು ನನಗೆ ಕಷ್ಟದ ಕೆಲಸವೇ ಅಲ್ಲ. ಅದೊಂದರಲ್ಲಿ ನನಗೆ ಪ್ರಮಾಣಪತ್ರ ಸಿಗಬೇಕಿತ್ತು.

ಹಾಗೆ ಭಾನುವಾರಗಳು ಶುರುವಾದವು. ದೇವನೂರು, ಬನ್ನೂರು, ಹೆಸರು ಮರೆತ ಎಷ್ಟೋ ಊರುಗಳು. ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರು, "ಪೆಟ್ಗೆಗೂ ಟಿಕೆಟ್ ತಗಬೇಕು ಯಜಮಾನ್ರೇ" ಎನ್ನುತ್ತಿದ್ದ. "ಅದ್ರೊಳ್ಗೆ ಯಾರೂ ಕುಂತಿಲ್ಲ ಕಣಪ್ಪ, ಬೇಕಾರೆ ಬಾರ್ಸಿ ತೋರುಸ್ಲಾ?" ಎನ್ನುತ್ತಿದ್ದರು ತಾತ. ಒಮ್ಮೆ ನಿಜಕ್ಕೂ ಬಾರಿಸಿದರು. ನಾನು ಕಿಟಕಿಗೆ ಮುಖ ತಿರುಗಿಸಿಕೊಂಡು, ಇವರು ಯಾರೋ ನನಗೆ ಗೊತ್ತಿಲ್ಲ ಎನ್ನುವ ಹಾಗೆ ಕಬ್ಬಿನ ಗದ್ದೆ ನೋಡುತ್ತಿದ್ದೆ. ಜನರು ನನ್ನ ಕಡೆ ನೋಡುವುದು ಎಂದರೆ ಆಗ ನನಗೆ ಮೈಯೆಲ್ಲ ಮುಳ್ಳು. ಈ ಮಾತನ್ನು ನೆನಪಿಡಿ.

ಊರಿನಲ್ಲಿ ಕೆಲಸ ನಡೆಯುವ ರೀತಿ ಹೀಗೆ. ತಾತ ಕೆರೆಯುವರು, ನಾನು ಪೆಟ್ಟಿಗೆಯ ಪಕ್ಕ ಕೂತು ತಿದಿ ಒತ್ತುವೆನು. ಮೇಲಿನ ಮನೆಗಳು ಬಂದಾಗ ಅವರು ನಶ್ಯದ ಡಬ್ಬಿ ತೆಗೆದು ಏರಿಸುವ ನೆಪದಲ್ಲಿ ನನ್ನ ಕಡೆ ತಿರುಗುವರು. ನಡುಕ ಇದ್ದರೆ ನಾನು ಮಂಡಿಯ ಮೇಲೆ ಬೆರಳು ಆಡಿಸುವೆನು. ನಿಂತರೆ ಅಂಗೈ ಕವುಚುವೆನು. ಸುತ್ತ ನಿಂತವರಿಗೆ, ಹುಡುಗಿ ಗಾಳಿ ಹಾಕುತ್ತಿದ್ದಾಳೆ, ಮುದುಕ ಶ್ರುತಿ ಮಾಡುತ್ತಿದ್ದಾನೆ ಅಷ್ಟೇ.

ಒಮ್ಮೆ ಮೈಸೂರಿಗೂ ಕರೆದೊಯ್ದರು. ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿಯಾನೋ ಇತ್ತು. ಹರೆಯದಲ್ಲಿ ತಾತ ಮೈಸೂರಿನ ಬಂಗಲೆಗಳಿಗೆ ಪಿಯಾನೋ ಶ್ರುತಿ ಮಾಡಲು ಹೋಗುತ್ತಿದ್ದ ಮುದುಕರೊಬ್ಬರ ಚೀಲ ಹೊತ್ತು ಕಲಿತವರು. ಶಾಲೆಯ ಪಿಯಾನೋದ ಮುಚ್ಚಳ ಎತ್ತಿದಾಗ ನಾನು ಒಳಗೆ ಬಗ್ಗಿ ನೋಡಿದೆ. ನೂರಾರು ತಂತಿ, ಸಾಲು ಸಾಲು ಉಣ್ಣೆ ಮೆತ್ತಿದ ಪುಟ್ಟ ಸುತ್ತಿಗೆ. "ಒಂದ್ ಮನೆಗೆ ಮೂರ್ ತಂತಿ ಕಣ್ ಕೂಸೇ. ಮೂರೂ ಒಂದೇ ಮಾತಾಡ್ಬೇಕು. ಮನುಸ್ರಲ್ಲಿ ಇದಾಗಾಕಿಲ್ಲ, ಇದ್ರಲ್ಲಿ ಆಯ್ತದೆ." ನಡುವಿನ ತಂತಿ ಬಿಟ್ಟು ಅಕ್ಕಪಕ್ಕದವು ದನಿ ಮಾಡದ ಹಾಗೆ ಅವುಗಳ ನಡುವೆ ಬಟ್ಟೆಪಟ್ಟಿ ತುರುಕುವ ಕೆಲಸ ನನ್ನದು. ಸಂಜೆಯವರೆಗೂ ಆಯಿತು. ಮೇಲಿನ ತಂತಿಗಳನ್ನೆಲ್ಲ ನಾನೇ ಕೇಳಿದೆ. ಹೊರಟಾಗ ಶಾಲೆಯವರು, ಮುಂದೆ ಬೆಂಗಳೂರಿಂದ ಯಾರನ್ನಾದರೂ ಕರೆಸಬೇಕೇನೋ ಎಂದರು. "ಅವರು ಬರೋಗಂಟ ಇದ್ರೊಳ್ಗೆ ಇಲಿ ಮರಿ ಆಕಿ, ಮರಿ ಮದ್ವೆನೂ ಆಗಿರ್ತವೆ ಅಮ್ಮಾ. ನಂ ಕೂಸು ಅದೆಯಲ್ಲ" ಎಂದರು ತಾತ. ನಂ ಕೂಸು. ಬಸ್ಸಿನಲ್ಲಿ ಎರಡು ಸಲ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ. ಅವರಿಗೆ ಬೇಕಾಗಿದ್ದದ್ದು ತಮ್ಮ ನಂತರ ಒಬ್ಬರು. ಅದು ನಾನೆಂದು ಅವರು ತೀರ್ಮಾನಿಸಿಯಾಗಿತ್ತು. ನಾನು ಹ್ಞೂಂ ಎಂದಿರಲಿಲ್ಲ, ಇಲ್ಲ ಎಂದೂ ಅಂದಿರಲಿಲ್ಲ.

ಹೆಮ್ಮಿಗೆಯ ಭಾನುವಾರಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅದರ ಸುತ್ತಲೂ ಕಸ ಗುಡಿಸಿದೆ ಎಂದು ನಿಮಗೆ ತಿಳಿದಿರಬಹುದು.

ನಾನಾಗ ಎರಡನೆಯ ಪಿಯುಸಿ. ಹೆಮ್ಮಿಗೆಯ ಜನ ಪೌರಾಣಿಕ ನಾಟಕ ಕಲಿತಿದ್ದರು. ಆ ಮಧ್ಯಾಹ್ನ ಕೊನೆಯ ಟ್ರಯಲ್ಲು. ಶಾಲೆಯ ಮುಂದಿನ ಚಪ್ಪರದಡಿ ಅವರ ಕಾಲು ಹಾರ್ಮೋನಿಯಂ, ಕಾಲಲ್ಲಿ ತಿದಿ ತುಳಿಯುವಂಥದ್ದು, ಇಟ್ಟಿದ್ದರು. ಬೆಳಗ್ಗೆಯಿಂದ ಕೆಲಸ ನಡೆದಿತ್ತು. ಮೇಲಿನ ಮನೆಗಳು ಮಾತ್ರ ಉಳಿದಾಗ ನಾಲ್ಕೈದು ಹುಡುಗರು ಬಂದು ಚಪ್ಪರದ ಗಳುವಿಗೆ ಒರಗಿ ನಿಂತರು. ನನಗಿಂತ ಒಂದೆರಡು ವರ್ಷ ದೊಡ್ಡವರು. ಒಬ್ಬ ನಮ್ಮ ಕಾಲೇಜಿನವನೇ.

"ಏನಮ್ಮಿ, ಸೈನ್ಸು ಓದೋರ್ಗೆ ಪೆಟ್ಗೆ ರಿಪೇರಿನೂ ಕಲಿಸ್ತಾರಾ?"

"ಲೇ ಸುಮ್ಕಿರ್ಲಾ, ಪ್ರಾಕ್ಟಿಕಲ್ಲು ಕಣ್ಲಾ ಇದು!"

"ಮಂಡಿ ಮ್ಯಾಲೆ ಅದೇನ್ಲಾ ಬೆರಳಾಡುಸ್ತಾಳೆ? ತಾಳ ಆಕ್ತಾವ್ಳಾ?"

ನಗು. ನನ್ನ ಬೆರಳು ಅಲ್ಲೇ ಕಲ್ಲಾಯಿತು. ತಾತ ನಶ್ಯದ ಡಬ್ಬಿ ಹಿಡಿದು ನನ್ನ ಕಡೆ ತಿರುಗಿದ್ದರು. ಕೊನೆಯ ಮನೆ ನಡುಗುತ್ತಿತ್ತು. ಜೋರಾಗಿ ಅಲ್ಲ, ಉಸಿರಿಗೊಂದು ಎನ್ನುವ ಹಾಗೆ. ನಾನು ಬೆರಳು ಆಡಿಸಬೇಕಿತ್ತು. ಇನ್ನೊಮ್ಮೆ ಮುಚ್ಚಳ ತೆಗೆಯಬೇಕಿತ್ತು, ಇನ್ನೊಂದು ಕಾಲು ಗಂಟೆ ಆ ಹುಡುಗರ ಮುಂದೆ ಕೂರಬೇಕಿತ್ತು.

ಅಂಗೈ ಕವುಚಿದೆ.

ತಾತ ತಲೆಯಾಡಿಸಿ ತಿರುಪು ಬಿಗಿದರು. "ಸಿದ್ಧ ಕಣ್ರಪ್ಪ, ಬಾರ್ಸ್ಕಳಿ" ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ನಾನು ಶಾಲೆಯ ಹಿಂದಿನ ನಲ್ಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದೆ.

ಊಟ ಮುಗಿಸಿ ಟ್ರಯಲ್ಲು ಶುರುವಾಯಿತು. ನಾಟಕ ಕಲಿಸಿದ ಮೇಷ್ಟ್ರು ಬನ್ನೂರಿನ ಕಡೆಯವರು, ಶ್ರುತಿಯಲ್ಲಿ ಮಹಾ ನಿಷ್ಠುರ. ಮುಖ್ಯ ಪಾತ್ರದವರು ಎದೆಯ ಮೇಲೆ ಕೈಯಿಟ್ಟು ಮೇಲಿನ ಸ್ವರಕ್ಕೆ ಏರಿದರು. ಪೆಟ್ಟಿಗೆಗೆ ಕೂತಿದ್ದ ಮೇಷ್ಟ್ರು ಅದೇ ಮನೆ ಹಿಡಿದರು. ಅಲ್ಲಿ ಅದು ನಡುಗಿತು. ಹಾಡುವವರ ದನಿ ಅದರ ಜೊತೆ ಕೂಡಲಾರದೆ ಜಾರಿತು. ಹುಡುಗರು ಸಿಳ್ಳೆ ಹಾಕಿದರು. ಮೇಷ್ಟ್ರು ತಿದಿಯಿಂದ ಕಾಲು ತೆಗೆದರು.

"ಏನ್ ಸಿದ್ದಯ್ಯನೋರೇ, ಬೆಳಗಿಂದ ಏನ್ ಕೆರ್ಕಂಡ್ ಕುಂತಿದ್ರಿ? ಕಿವೀನ ಮನೇಲ್ ಬುಟ್ಟು ಬಂದಿದ್ದೀರಾ?"

ತಾತ ಎದ್ದು ಹೋಗಿ ಮುಚ್ಚಳ ತೆಗೆದರು. ನನ್ನ ಕಡೆ ಒಮ್ಮೆ ನೋಡಿದರು. ಅದು ಬೈಗುಳವಲ್ಲ, ಅದೇ ಹಳೆಯ ಪ್ರಶ್ನೆ. ನಾನು ಜನರ ನಡುವೆ ನಿಂತಿದ್ದೆ. ಎಲ್ಲರೂ ಅವರನ್ನು ನೋಡುತ್ತಿದ್ದರು. ನಾನು ಹೆಜ್ಜೆ ಎತ್ತಿಟ್ಟರೆ ನನ್ನನ್ನು ನೋಡುತ್ತಿದ್ದರು. ಎತ್ತಿಡಲಿಲ್ಲ. ತಾತ ಕೆರೆದರು, ಒತ್ತಿದರು, ಕೇಳದ ಸ್ವರಕ್ಕೆ ತಲೆ ಓರೆ ಮಾಡಿದರು, ಮತ್ತೆ ಕೆರೆದರು. "ಇನ್ನೂ ಐತೆ" ಎಂದರು ಮೇಷ್ಟ್ರು. ಮತ್ತೆ. "ಇನ್ನೂ." ಆಮೇಲೆ "ಈಗ ಕೆಳುಕ್ಕೆ ಓಯ್ತಲ್ರೀ!" ಎಂದರು. ಗಾಬರಿಯಲ್ಲಿ ತಾತ ಮತ್ತೆ ಬುಡಕ್ಕೇ ಚಾಕು ಕೊಟ್ಟರು. ಐವತ್ತು ವರ್ಷ ಕೆರೆದ ಕೈ, ತುದಿ ಯಾವುದು ಬುಡ ಯಾವುದು ಎಂಬುದನ್ನು ಮರೆಯಿತು. ಟಿಕ್ಕೆಂದಿತು. ಆ ಸದ್ದು ನನಗೆ ಕೇಳಿತು.

ಕೆರೆದ ಲೋಹ ಮತ್ತೆ ಕೂಡುವುದಿಲ್ಲ. ತಾತ ಮೆಲ್ಲಗೆ ನೆಟ್ಟಗಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಂಗೆ ಕಿವಿ ಓಗ್ಬುಟ್ಟದೆ ಕಣ್ರಪ್ಪ. ಮೇಲಿಂದು ಕೇಳಾಕಿಲ್ಲ. ಕೊನೇದು ನಡುಗ್ತದೆ ಅಂತ ಕೂಸು ಏಳ್ತು, ನಾನೇ ಬುಡು, ಸರಿಯಾಯ್ತು ಅಂದೆ. ತಪ್ಪು ನಂದು."

ಆರು ವರ್ಷ ನಾನು ಯಾರಿಗೂ ಹೇಳದ ಮಾತನ್ನು ಅವರೇ ಹೇಳಿಬಿಟ್ಟರು, ನನ್ನ ಮೇಲೆ ಒಂದು ಕಣ್ಣೂ ಬೀಳದ ಹಾಗೆ.

ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಟಿ. ನರಸೀಪುರದಲ್ಲಿ ಇಳಿದು ನಂಜನಗೂಡಿನ ಬಸ್ಸಿಗೆ ಕಾಯುವಾಗ ಹುರಿಗಡಲೆ ಕೊಂಡು ಪೊಟ್ಟಣ ನನ್ನ ಕೈಯಲ್ಲಿಟ್ಟರು. "ಪರೀಕ್ಸೆ ಯಾವಾಗ?" ಎಂದರು. ಹೇಳಿದೆ. "ಚೆಂದಾಗಿ ಓದು" ಎಂದರು. ನಾನು ಹೇಳಬೇಕಾದ ಮಾತು ನಾಲಗೆಯ ಬುಡದಲ್ಲೇ ಇತ್ತು. ಕಡಲೆಯ ಜೊತೆ ನುಂಗಿದೆ.

ಆಮೇಲೆ ಯಾರೂ ಅವರನ್ನು ಪೆಟ್ಟಿಗೆಗೆ ಕರೆಯಲಿಲ್ಲ. ಮೈಸೂರಿನ ಶಾಲೆಗೂ ಸುದ್ದಿ ಹೋಯಿತೋ ಏನೋ, ಪಿಯಾನೋಗೂ ಕರೆ ಬರಲಿಲ್ಲ. ಬಟ್ಟೆ ಅಂಗಡಿಯವರು ಹಿಂದಿನ ಕೋಣೆಯಲ್ಲಿ ಕಿರೀಟಗಳನ್ನು ತುಂಬಿದರು. ತಾತ ಅದೇ ಅಂಗಡಿಯ ಮುಂದೆ ಕೂತು ಕಿರೀಟಗಳಿಗೆ ಬೇಗಡೆ ಅಂಟಿಸುತ್ತಿದ್ದರು. ನಾನು ಮೈಸೂರಿಗೆ ಓದಲು ಹೋದೆ. ಅಲ್ಲಿ ತರಂಗಗಳ ಪಾಠದಲ್ಲಿ ಆ ನಡುಕಕ್ಕೊಂದು ಹೆಸರು, ಒಂದು ಸೂತ್ರ ಸಿಕ್ಕಿತು: ಎರಡು ಕಂಪನಗಳ ವ್ಯತ್ಯಾಸ ಎಷ್ಟೋ ಸೆಕೆಂಡಿಗೆ ಅಷ್ಟು ಅಲೆ. ಪರೀಕ್ಷೆಯಲ್ಲಿ ಅದಕ್ಕೆ ನನಗೆ ಪೂರ್ತಿ ಅಂಕ ಬಂತು. ರಜೆಗೆ ಬಂದಾಗ ಆ ಬೀದಿ ತಪ್ಪಿಸಿ ಸುತ್ತು ಹಾಕಿ ಮನೆಗೆ ಹೋಗುತ್ತಿದ್ದೆ. ಒಂದೆರಡು ಸಲ ಎದುರಾದರು. "ಓದ್ತಿದ್ದೀಯಾ ಕೂಸೇ?" "ಹ್ಞೂಂ ತಾತ." ಅಷ್ಟೇ. ಅವರ ಕಿವಿ ಆ ಹೊತ್ತಿಗೆ ಮಾತಿಗೂ ಮಂದವಾಗಿತ್ತು. ಹೇಳಬೇಕಾದದ್ದನ್ನು ಹೇಳಬೇಕೆಂದರೆ ಬೀದಿಯಲ್ಲಿ ನಿಂತು ಕೂಗಿ ಹೇಳಬೇಕಿತ್ತು. ಇದೊಂದು ನೆಪ ಎಂದು ನನಗೂ ಗೊತ್ತು.

ಆ ಸಂಜೆ ಕನ್ನಡಕದ ತಿರುಪು ಬಿಗಿದ ಮೇಲೆ ಕಾಗದವನ್ನು ಪೂರ್ತಿ ಬಿಡಿಸಿದೆ. ನಾಲ್ಕಾಗಿ ಹರಿದ ತುಂಡಲ್ಲ, ಇಡೀ ಪ್ರಮಾಣಪತ್ರ. ಕೆಳಗೆ ಅವರ ಸಹಿ. ಮೇಲೆ, ಅಚ್ಚಿನ 'ಶ್ರೀ'ಗೆ ಅಡ್ಡಗೆರೆ ಎಳೆದು, ಅದರ ತಲೆಯ ಮೇಲೆ ನೀಲಿ ಶಾಯಿಯಲ್ಲಿ 'ಕುಮಾರಿ' ಎಂದು ಬರೆದಿದ್ದರು. ಮುಂದಿನ ಚುಕ್ಕಿಸಾಲು ಖಾಲಿ. ಹೆಮ್ಮಿಗೆಗೆ ಮುಂಚೆ ಬರೆದು ಹೆಸರನ್ನು ಆಮೇಲೆ ತುಂಬೋಣ ಎಂದುಕೊಂಡರೋ, ಆಮೇಲೆ ಬರೆಯಲು ಕೂತು ಅಲ್ಲಿಗೇ ನಿಲ್ಲಿಸಿದರೋ ತಿಳಿಯುವ ದಾರಿಯಿಲ್ಲ. ಶಾಯಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಶಾಯಿ ಏನು ಹೇಳೀತು? ಪೆನ್ನು ಮೇಜಿನ ಮೇಲೇ ಇತ್ತು. ನನ್ನ ಹೆಸರನ್ನು ಬರೆದುಕೊಳ್ಳುವ ಧೈರ್ಯ ಬರಲಿಲ್ಲ. ಹೆಮ್ಮಿಗೆಯಲ್ಲಿ ಬಿರುಕುಬಿಟ್ಟ ಆ ರೀಡನ್ನು ಮತ್ತೆ ಅದರಲ್ಲೇ ಸುತ್ತಿದೆ.

ಮರುದಿನ ಮೊದಲ ಪೀರಿಯಡ್ಡು ತರಂಗಗಳದೇ ಇತ್ತು. ಪ್ರತಿ ವರ್ಷ ಎರಡು ಶ್ರುತಿಕವೆ, ಅದೇ ಟ್ಯೂನಿಂಗ್ ಫೋರ್ಕು, ಬಡಿದು, ಕೇಳಿತಾ, ಕೇಳಿತು, ಎಂದು ಮುಗಿಸುತ್ತಿದ್ದೆ. ಆ ಬೆಳಗ್ಗೆ ಕಾಲೇಜಿನ ಪ್ರಾರ್ಥನೆಯ ಹಾರ್ಮೋನಿಯಂ ಧೂಳು ಒರೆಸಿ ಕ್ಲಾಸಿಗೆ ಹೊರಿಸಿಕೊಂಡು ಹೋದೆ. ಡಬ್ಬದಿಂದ ಚಾಕು, ಕೆರೆಯುವಾಗ ರೀಡಿನ ಕೆಳಗಿಡುವ ತಗಡು, ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲೆ ಜೋಡಿಸಿದೆ. ಐವತ್ತು ಜನ ನನ್ನನ್ನೇ ನೋಡುತ್ತಿದ್ದರು. "ಇದನ್ನ ನನಗೆ ಕಲಿಸಿದವರು ಸಿದ್ದಯ್ಯನವರು ಅಂತ, ನಂಜನಗೂಡಿನವರು" ಎಂದೆ. ಅವರ ಹೆಸರನ್ನು ಜನರ ಮುಂದೆ ನಾನು ಹೇಳಿದ್ದು ಅದೇ ಮೊದಲು. ಕೊನೆಯ ಮನೆ ಹಿಡಿದೆ. ನಡುಗಿತು. ಕೆರೆದೆ, ಮುಚ್ಚಿದೆ, ಒತ್ತಿದೆ. "ನಿಂತಾ?" ಇಲ್ಲ ಮೇಡಂ. ಮತ್ತೆ ಕೆರೆದೆ. ಬೆಲ್ಲು ಹೊಡೆಯಿತು. "ನಿಂತಾ?" ಎಂದೆ. "ನಿಂತೋಯ್ತು ಮೇಡಂ!" ಎಂದು ಕ್ಲಾಸಿಗೆ ಕ್ಲಾಸೇ ಕೂಗಿ ಪುಸ್ತಕ ಮಡಚಿತು.

ಕೊನೆಯ ಬೆಂಚಿನಿಂದ ಒಂದು ಸಣ್ಣ ದನಿ ಬಂತು. "ಇಲ್ಲ ಮೇಡಂ. ಇನ್ನೂ ಒಸಿ ನಡುಗ್ತದೆ."

"ಏ ಸುಮ್ಕಿರಮ್ಮಿ, ಬೆಲ್ಲಾಯ್ತು!" ಎಂದ ಯಾರೋ. ನಗು. ಆ ಹುಡುಗಿ ತಲೆ ತಗ್ಗಿಸಿದಳು.

ನಡುಕ ಇತ್ತು, ಉಸಿರಿಗೊಂದು. ನನಗೂ ಕೇಳಿತ್ತು. ನಾನು ತಿರುಪು ಬಿಚ್ಚಿ ಮುಚ್ಚಳ ಮತ್ತೆ ತೆಗೆದೆ, ಪಕ್ಕದ ಕುರ್ಚಿಯ ಧೂಳು ಒರೆಸಿ ಅವಳನ್ನು ಮುಂದಕ್ಕೆ ಕರೆದೆ.